ಯಾರ ನಳ

ಗುಂಡಿ ಒತ್ತಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ‘ಇವೆರಡೂ ಒಂದೇನಾ?’ ಎಂದು ಯಂತ್ರ ಕೇಳಿತು, ‘ಹೌದು’ ಎಂದೆ. ಇಪ್ಪತ್ತು ಸೆಕೆಂಡಿನ ಕೆಲಸ. ಆ ಇಪ್ಪತ್ತು ಸೆಕೆಂಡಿನಲ್ಲಿ ನಮ್ಮ ದಿಬ್ಬದ ಓಣಿಯ ಏಳು ಮನೆಗಳ ಬಾಯಿಗೆ ಮಣ್ಣು ಬಿತ್ತು. ಆ ಏಳರಲ್ಲಿ ಒಂದು ನನ್ನದೇ ಮನೆ.

ಕೂಡುಜಾಲ ಗೊತ್ತಿಲ್ಲದವರು ಈಗ ಯಾರೂ ಇಲ್ಲ. ಅದು ಶುರುವಾದ ಬಗೆ ಮಾತ್ರ ಎಲ್ಲರಿಗೂ ಮರೆತಿದೆ. ಮೊದಮೊದಲು ಅದು ಒಳ್ಳೆಯದೇ ಆಗಿತ್ತು. ‘ನಿಮ್ಮ ಬದುಕಿಗೆ ನೀವೇ ಗೆರೆ ಎಳೆದುಕೊಳ್ಳಿ’ ಅಂದರು. ಯಾವ ಕಚೇರಿಯ ನಮೂನೆಯೂ ಬೇಡ, ಯಾರ ಅಪ್ಪಣೆಯೂ ಬೇಡ. ಫೋನಿನಲ್ಲಿ ಒಂದು ತಖ್ತೆ ಮಾಡಿ, ನಿಮಗೆ ಬೇಕಾದ ಕಾಲಂ ಹಾಕಿ, ತುಂಬುತ್ತಾ ಹೋಗಿ. ಜನ ಎಳೆದರು ನೋಡಿ ಗೆರೆ! ಹಾಲಿನವರು ಎಮ್ಮೆಯ ಹೆಸರು, ಕೊಟ್ಟ ಹಾಲು, ಒದ್ದ ದಿನ ಎಂದು ಬರೆದರು. ಪಾರಿವಾಳ ಸಾಕುವವರು ಯಾವ ಹಕ್ಕಿ ಯಾರ ಮಾಳಿಗೆಯ ಮೇಲೆ ಇಳಿಯಿತು ಎಂದು ಬರೆದರು. ಕೆಂಚನಗಡದಂಥ ಸಣ್ಣ ಊರಿನಲ್ಲೇ ಎರಡು ವರ್ಷಕ್ಕೆ ನಲವತ್ತು ಸಾವಿರ ತಖ್ತೆಗಳಾದವು. ಒಂದಕ್ಕೂ ಇನ್ನೊಂದಕ್ಕೂ ತಾಳೆಯಿಲ್ಲ.

ಜಾಲ ನಡೆಸುವ ದೊಡ್ಡವರಿಗೆ ಅದನ್ನು ಸಹಿಸಲಾಗಲಿಲ್ಲ. ಇಷ್ಟು ಮಾಹಿತಿ ಬಿದ್ದಿದೆ, ಆದರೆ ಎಲ್ಲದಕ್ಕೂ ಸೇರಿ ಒಂದು ಪ್ರಶ್ನೆ ಕೇಳಲು ಆಗುವುದಿಲ್ಲ ಎಂದರು. ಹಾಗಾಗಿ ಬೆಸುಗೆ ಯಂತ್ರ ಬಂತು. ಅದರ ಕೆಲಸ ಇಷ್ಟೇ: ಬೇರೆ ಬೇರೆಯವರು ಮಾಡಿದ ಎರಡು ತಖ್ತೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಇವರ ಈ ಕಾಲಂ ಅವರ ಆ ಕಾಲಮ್ಮೇ ಹೌದೇ ಎಂದು ನೋಡುವುದು. ಹೆಸರು ನೋಡುತ್ತದೆ, ಒಳಗೆ ತುಂಬಿದ್ದು ಅಂಕಿಯೋ ಅಕ್ಷರವೋ ನೋಡುತ್ತದೆ, ಅಕ್ಕಪಕ್ಕ ಯಾವ ಕಾಲಂ ಇವೆ ಎಂದು ನೋಡುತ್ತದೆ. ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ತೊಂಬತ್ತೈದು ದಾಟಿದರೆ ತಾನೇ ಬೆಸೆದುಬಿಡುತ್ತದೆ. ಎಂಬತ್ತರ ಕೆಳಗಿದ್ದರೆ ಬಿಡುತ್ತದೆ. ನಡುವಿನದು ನಮ್ಮಂಥವರ ಮುಂದೆ ಬರುತ್ತದೆ. ಒಮ್ಮೆ ಬೆಸೆದ ಮೇಲೆ ಎರಡೂ ತಖ್ತೆ ಒಂದೇ. ಕಚೇರಿಗಳು ಆಮೇಲೆ ಬೆಸೆದದ್ದನ್ನು ಮಾತ್ರ ಓದುತ್ತವೆ.

ನಾನು, ಸುಮಂಗಲಾ ಹೂಗಾರ, ಕೆಂಚನಗಡದ ಬೆಸುಗೆ ಕೊಠಡಿಯಲ್ಲಿ ಮೂರು ವರ್ಷದಿಂದ ಕೂತವಳು. ದಿನಕ್ಕೆ ಸಾವಿರ ಜೋಡಿ ಮುಗಿಸಬೇಕು. ಬರೆದವರ ಗುಟ್ಟು ಕಾಯಬೇಕು ಎಂದು ಊರು, ಹೆಸರು ಯಾವುದನ್ನೂ ನಮಗೆ ತೋರಿಸುವುದಿಲ್ಲ. ಕಾಲಮ್ಮಿಗೆ ಜನ ಇಟ್ಟ ಹೆಸರನ್ನೂ ಯಂತ್ರ ಮೊದಲೇ ತನ್ನ ಭಾಷೆಗೆ ಇಳಿಸಿಕೊಂಡಿರುತ್ತದೆ. ಮೂಲೆಯಲ್ಲಿ ‘ಬರೆದವರ ಮಾತು ನೋಡಿ’ ಎಂಬ ಸಣ್ಣ ಗುಂಡಿಯಿದೆ. ಒತ್ತಬಹುದು. ಒತ್ತಿದರೆ ಅರ್ಧ ನಿಮಿಷ ಹೋಗುತ್ತದೆ, ಸಂಜೆಗೆ ‘ನಿಮ್ಮ ವೇಗ ಕಡಿಮೆ’ ಎಂದು ಕೆಂಪು ಗೆರೆ ಬರುತ್ತದೆ. ನಮ್ಮ ಕೊಠಡಿಯಲ್ಲಿ ಅದನ್ನು ಒತ್ತುವವರನ್ನು ನಾನು ಕಂಡಿಲ್ಲ.

ಆ ದಿನ ಬಂದ ಜೋಡಿ ಹೀಗಿತ್ತು. ಎಡಕ್ಕೆ: ಮನೆ, ಪ್ರಮಾಣ, ಮೂಲ. ಬಲಕ್ಕೆ: ಮನೆ, ಪ್ರಮಾಣ, ಮೂಲ. ಎರಡೂ ನೀರಿನವು. ಯಂತ್ರ ತೊಂಬತ್ತೊಂದು ಅಂಕ ಕೊಟ್ಟಿತ್ತು. ಇದರಲ್ಲಿ ಯೋಚನೆ ಮಾಡುವುದೇನಿದೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕೆಲಸಕ್ಕೇ ತಾನೇ ನಮ್ಮನ್ನು ಇಟ್ಟುಕೊಂಡಿರುವುದು. ಕಟ್ಟಿದೆ. ಮುಂದಿನ ಜೋಡಿ ಬಂತು, ಯಾವುದೋ ಊರಿನ ಕೋಳಿ ಮೊಟ್ಟೆಯದು.

ಹತ್ತೊಂಬತ್ತು ದಿನ ಏನೂ ಆಗಲಿಲ್ಲ. ಇಪ್ಪತ್ತನೆಯ ದಿನ, ಸೋಮವಾರ ಬೆಳಿಗ್ಗೆ, ನಾನು ಬುತ್ತಿ ಕಟ್ಟಿಕೊಳ್ಳುತ್ತಿದ್ದಾಗ ಖೈರೂಬಿ ಚಾಚಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒಂದು ಕಾಗದ.

ಖೈರೂಬಿ ನಮ್ಮ ಓಣಿಯ ತಿರುವಿನ ಮನೆಯವಳು. ಗಂಡ ಇಲ್ಲ, ಹಳೆ ಬಟ್ಟೆಯ ಕೌದಿ ಹೊಲಿಯುತ್ತಾಳೆ, ಅರವತ್ತೆಂಟು ವರ್ಷ. ಬಾಯಿ ಜೋರು. ಓಣಿಯ ನೀರು ಅವಳ ನಳದವರೆಗೆ ಏರುತ್ತದೆ, ಅಲ್ಲಿಂದ ಮೇಲಕ್ಕೆ ಏರುವುದಿಲ್ಲ. ಮೇಲಿನ ಏಳು ಮನೆಗಳಿಗೂ ನಳ ಇದೆ, ಮೀಟರ್ ಇದೆ. ತಿರುವಿದರೆ ಗಾಳಿ ಬರುತ್ತದೆ. ದಿಬ್ಬಕ್ಕೆ ಬೇರೆ ಪೈಪ್ ಹಾಕುತ್ತೇವೆ ಎಂದು ನೀರಿನ ಕಚೇರಿಯವರು ನಾನು ಶಾಲೆಗೆ ಹೋಗುವಾಗಿನಿಂದ ಹೇಳುತ್ತಿದ್ದಾರೆ.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಐದು ದಿನಕ್ಕೊಮ್ಮೆ ಮಧ್ಯಾಹ್ನ ಎರಡಕ್ಕೆ ನೀರು ಬಿಟ್ಟ ಕೂಡಲೇ ಖೈರೂಬಿಯ ನಳಕ್ಕೆ ಹಸಿರು ಪೈಪ್ ಸಿಕ್ಕಿಸಿ, ಅವಳದೇ ಸಣ್ಣ ಮೋಟಾರು ಹಚ್ಚಿ, ತುದಿಯ ಮನೆಗೆ ಎಳೆಯುತ್ತೇವೆ. ತುದಿಯದು ತುಂಬಿದ ಮೇಲೆ ಅದರ ಕೆಳಗಿನದು, ಆಮೇಲೆ ಅದರ ಕೆಳಗಿನದು. ಎಲ್ಲಕ್ಕಿಂತ ಕೊನೆಗೆ ಖೈರೂಬಿ ತನ್ನ ಕೊಡ ತುಂಬಿಕೊಳ್ಳುತ್ತಾಳೆ. ಕೆಲವು ಸಲ ಅವಳ ಪಾಳಿ ಬರುವಷ್ಟರಲ್ಲಿ ನೀರು ನಿಂತಿರುತ್ತದೆ. ಆಗ ಮೇಲಿನವರು ತಲಾ ಒಂದು ಕೊಡ ಇಳಿಸುತ್ತಾರೆ. ಅವಳ ನಳ ಕೆಟ್ಟ ದಿನ ಅದರ ಕೆಳಗಿನ ನಳದವರು ಇದೇ ರೀತಿ ಮಾಡುತ್ತಾರೆ. ಯಾರ ನಳದ ನೀರು ಕುಡಿದೆವೋ ಅವರ ಮನೆಗೆ ಹಬ್ಬದ ಮೊದಲ ಹೋಳಿಗೆ ಹೋಗಬೇಕು. ಇದನ್ನು ಮರೆಯಬಾರದೆಂದು ನನ್ನವ್ವ ಫಕೀರವ್ವ ತಖ್ತೆ ಬರೆಯುತ್ತಾಳೆ. ಕಾಲಂ ಮೂರು: ಮನೆ, ತುಂಬಿದ ಕೊಡ, ಯಾರ ನಳ. ಅವಳ ಫೋನಿನಲ್ಲಿ ಆ ಗೆರೆ ಎಳೆದುಕೊಟ್ಟವಳು ನಾನೇ.

“ಇದೇನ ಬರದಾರ ಓದವಾ ಸುಮಿ,” ಎಂದಳು ಖೈರೂಬಿ. “ಮೀಟರಿನ್ಯಾವ ಕೊಟ್ಟ ಹೋದ. ನನ್ನ ಮಾರಿ ನೋಡಿ ನಕ್ಕ ಹೋದ.”

ಓದಿದೆ. ಪರವಾನಗಿ ಇಲ್ಲದೆ ನೀರು ಮಾರಾಟ. ಗಿರಾಕಿ ಮನೆಗಳು ಏಳು. ಅವಧಿ ಹದಿನಾಲ್ಕು ತಿಂಗಳು. ಗುರುವಾರ ಮಧ್ಯಾಹ್ನ ನಳ ಕತ್ತರಿಸಲಾಗುವುದು. ಆಕ್ಷೇಪಣೆ ಇದ್ದರೆ ಅಂದು ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗಬೇಕು. ಕೆಳಗೆ ಇನ್ನೊಂದು ಸಾಲು: ಮೇಲ್ಕಂಡ ಏಳು ಮನೆಗಳು ಖಾಸಗಿ ಪೂರೈಕೆ ಪಡೆಯುತ್ತಿರುವುದರಿಂದ ದಿಬ್ಬದ ಹೊಸ ಪೈಪ್ ಕಾಮಗಾರಿಯನ್ನು ಕೈಬಿಡಲಾಗಿದೆ.

“ನೀರ ಮಾರೀನಿ? ನಾನು?” ಖೈರೂಬಿ ಅವ್ವನ ಕಡೆ ತಿರುಗಿದಳು. “ಯಾವಾಗ ಮಾರೀನಿ? ಫಕೀರವ್ವಾ, ನಿನ್ನ ಕಡಿಂದ ಒಂದ ಪೈಸಾ ಮುಟ್ಟೀನೇನ ನಾನು?”

“ಯಾವ ಮೂಳ ಬರದಾನೋ ಅವನ ಕೈಗೆ ಹುಳಾ ಬೀಳಲಿ,” ಎಂದಳು ಅವ್ವ. “ಎಂಥಾ ಕಣ್ಣು ಅವರವು? ನಾ ಚಂದಾಗಿ ಬರದೀನಲ್ಲ, ಯಾರ ನಳ ಅಂತ?”

ಯಾರ ನಳ. ಮನೆ, ಪ್ರಮಾಣ, ಮೂಲ. ನನ್ನ ಕೈಯಲ್ಲಿದ್ದ ಬುತ್ತಿಯ ಡಬ್ಬಿ ಜಾರಿತು. ಬಲಗಡೆ ಇದ್ದದ್ದು ನೀರು ಮಾರುವ ಟ್ಯಾಂಕರಿನವರ ತಖ್ತೆ ಎಂದು ಆಗ ಹೊಳೆಯಿತು: ಯಾವ ಮನೆ, ಎಷ್ಟು ಕೊಡ, ಯಾರ ಟ್ಯಾಂಕರ್. ಗೆರೆಗಳು ಒಂದೇ, ಅಂಕಿಗಳು ಒಂದೇ, ಹೆಸರುಗಳೂ ಒಂದೇ ಥರ. ಮಾರುವವನ ಕೈಗೂ ಕೊಡುವವಳ ಕೈಗೂ ಇರುವ ವ್ಯತ್ಯಾಸ ಆ ಮೂರು ಕಾಲಮ್ಮಿನಲ್ಲಿ ಎಲ್ಲೂ ಇರಲಿಲ್ಲ. ಅದು ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಹಾಗಾಗಿ ಯಾರೂ ಬರೆದಿರಲಿಲ್ಲ. ಅವ್ವ ಶಪಿಸುತ್ತಲೇ ಇದ್ದಳು. ಹುಳ ಬೀಳಬೇಕಾದ ಕೈಯಿಂದ ನಾನು ಚೆಲ್ಲಿದ ಅನ್ನ ಬಳಿದೆ. ಬಾಯಿ ಬಿಡಲಿಲ್ಲ.

ಕೊಠಡಿಗೆ ಹೋದವಳೇ ಮೇಲ್ವಿಚಾರಕ ರಘೋತ್ತಮರ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಅವರು ಮೈಸೂರಿನ ಕಡೆಯವರು, ಎಂದೂ ದನಿ ಏರಿಸದ ಮನುಷ್ಯ. ಅವತ್ತು ಅದೂ ನನಗೆ ಸಿಟ್ಟು ತರಿಸಿತು.

“ಆ ಬೆಸುಗೆ ಬಿಡಿಸಬೇಕು ಸರ್. ತಪ್ಪು ನಂದು. ಬರೆದುಕೊಡ್ತೀನಿ.”

ಅವರು ಪರದೆಯಲ್ಲಿ ಹುಡುಕಿದರು. “ನೋಡಿ ಸುಮಂಗಲಾ, ಯಂತ್ರ ತಾನಾಗೇ ಬೆಸೆದಿದ್ದರೆ ಬಿಡಿಸಬಹುದಿತ್ತು. ಇದಕ್ಕೆ ಮನುಷ್ಯರ ಒಪ್ಪಿಗೆ ಬಿದ್ದಿದೆ. ಅಂಥದ್ದನ್ನ ಬಿಡಿಸೋಕೆ ಆ ಕಾಲಂ ಬಳಸುವವರಲ್ಲಿ ನೂರಕ್ಕೆ ಅರವತ್ತು ಜನ ಮತ ಹಾಕಬೇಕು.”

“ಎಷ್ಟು ಜನ ಬಳಸ್ತಾರೆ?”

“ಈಗ ರಾಜ್ಯದ ಎಲ್ಲಾ ಟ್ಯಾಂಕರಿನವರು, ಅವರ ಗಿರಾಕಿಗಳು… ಹನ್ನೊಂದು ಲಕ್ಷ ಚಿಲ್ಲರೆ.”

“ನಮ್ಮ ಓಣಿಯವರು ಏಳು ಮನೆ ಸರ್!”

“ಅದೇ ನಾನು ಹೇಳ್ತಿರೋದು,” ಎಂದರು ಅವರು, ಇಬ್ಬರ ಅಭಿಪ್ರಾಯವೂ ಒಂದೇ ಆಗಿದೆ ಎಂಬಂತೆ. “ಬಹುಮತ ಅಂದ್ಮೇಲೆ ಬಹುಮತ. ಆದರೆ ಒಂದು ದಾರಿ ಇದೆ. ಕೊಡೋದು ನಿಲ್ಲಿಸ್ತೀವಿ ಅಂತ ಬರೆದುಕೊಟ್ಟರೆ ಗುರುವಾರ ನಳ ಕತ್ತರಿಸಲ್ಲ. ಇಪ್ಪತ್ತೊಂದು ದಿನ ಆ ನಳದಿಂದ ಯಾರಿಗೂ ನೀರು ಹೋಗಬಾರದು. ಮೀಟರ್ ಒಂದು ಮನೆಯಷ್ಟೇ ಓಡಬೇಕು. ತಖ್ತೆಯಲ್ಲಿ ಮೇಲಿನ ಮನೆಗಳ ಮುಂದೆ ಸೊನ್ನೆ ಬೀಳಬೇಕು. ಆಗ ಮಾರಾಟ ನಿಂತಿದೆ ಅಂತ ಯಂತ್ರಕ್ಕೆ ತಾನೇ ಗೊತ್ತಾಗುತ್ತೆ. ಪೈಪ್ ಕಾಮಗಾರಿ ಕೂಡ ಮತ್ತೆ ಪಟ್ಟಿಗೆ ಬರಬಹುದು. ಸ್ವಲ್ಪ ದಿನ ಕೊಡೋದು ನಿಲ್ಲಿಸಿ ಅಂತ ಆಯಮ್ಮನಿಗೆ ಹೇಳಿ, ಅಷ್ಟೇ.”

ಅಷ್ಟೇ! ನಮ್ಮ ಬಾಯಾರಿಕೆ ಈ ಯಂತ್ರದ ಕಣ್ಣಿಗೆ ಬೀಳಬೇಕಾದರೆ ಮೊದಲು ಒಬ್ಬರಿಗೊಬ್ಬರು ನೀರು ಕೊಡುವುದನ್ನು ಬಿಡಬೇಕು. ಕೊಟ್ಟರೆ ಕೊರತೆಯೇ ಇಲ್ಲ ಎನ್ನುತ್ತದೆ. ಇಂಥ ಬುದ್ಧಿಯನ್ನು ಕಟ್ಟಲು ಎಷ್ಟು ಜನ ಓದಿದವರು ಎಷ್ಟು ವರ್ಷ ಕೂತಿದ್ದರೋ. ಮೂಗಿಗಿಂತ ಮೂಗುತಿ ಭಾರ. ಒಂದು ಓಣಿಯ ಹೆಂಗಸರು ಮೂರು ಗೆರೆಯಲ್ಲಿ ಇಟ್ಟುಕೊಂಡ ತಿಳಿವಳಿಕೆ ಇವರ ಇಡೀ ಜಾಲದಲ್ಲಿ ಹಿಡಿಯಲಿಲ್ಲ.

ಆದರೂ ಸಂಜೆ ಹೋಗಿ ಹೇಳಿದೆ. ಹೇಳದೆ ವಿಧಿಯಿರಲಿಲ್ಲ. ಏಳೂ ಮನೆಯ ಹೆಂಗಸರು ಖೈರೂಬಿಯ ಕಟ್ಟೆಯ ಮೇಲೆ ಕೂತಿದ್ದರು. ತುದಿಯ ಮನೆಯ ದ್ಯಾಮವ್ವ ಮಾತ್ರ ನಿಂತಿದ್ದಳು. ಅವಳ ಮಗಳು ನೀಲವ್ವ ಹನ್ನೆರಡು ದಿನದ ಬಾಣಂತಿ, ಬಿಟ್ಟು ಬಹಳ ಹೊತ್ತು ಬರುವಂತಿರಲಿಲ್ಲ.

“ಇಪ್ಪತ್ತೊಂದ ದಿನಾ?” ಎಂದಳು ದ್ಯಾಮವ್ವ. “ಬಾಣಂತಿಗೆ ಎರೀಬೇಕು, ಕೂಸಿಗೆ ಎರೀಬೇಕು, ಅರಬಿ ಒಗೀಬೇಕು. ಇಪ್ಪತ್ತೊಂದ ದಿನಾ ಎಲ್ಲಿಂದ ತರ್ಲಿ?”

“ಟ್ಯಾಂಕರ್ ತರಸೋಣ,” ಎಂದೆ, ದನಿ ನನಗೇ ಕೇಳಿಸದಷ್ಟು ಮೆಲ್ಲಗೆ.

“ಟ್ಯಾಂಕರ್ ಈ ದಿಬ್ಬ ಏರತೈತೇನ?” ಅವ್ವ ಗದರಿದಳು. “ಹುಟ್ಟಿದಾಗಿಂದ ಇಲ್ಲೇ ಅದಿ, ಗೊತ್ತಿಲ್ಲೇನ ನಿನಗ?”

ಖೈರೂಬಿ ಎದ್ದು ನಿಂತಳು. “ಸುಮಿ, ಯಾವ ಬಾಯಿಲೇ ಹೇಳಾಕ ಬಂದಿ ಇದನ್ನ? ನನ್ನ ಹೊಟ್ಟಿ ತುಂಬಿಸಿಕೊಂಡ, ನಳಾ ಬಂದ್ ಮಾಡಿ, ಒಳಗ ಕುಂಡ್ರಬೇಕಾ? ಮ್ಯಾಲ ಕೂಸು ಅಳೋದ ಕೇಳಕೋತ? ನನಗ ಅಲ್ಲಾಹ ಕೇಳಂಗಿಲ್ಲೇನ? ಹೋಗು, ನಿಮ್ಮ ಸಾಹೇಬಗ ಹೇಳು, ಕತ್ತರಸ್ತಾರಂದ್ರ ಕತ್ತರಸಲಿ. ಕತ್ತರಸೋತನಕ ಕೊಡತೀನಿ.”

ಅವಳ ಮಾತು ಸರಿ. ಆದರೆ ಗುರುವಾರ ಕತ್ತರಿಸಿದರೆ ಅವಳಿಗೂ ಇಲ್ಲ, ಮೇಲಿನವರಿಗೂ ಇಲ್ಲ. ಅವಳ ಕೆಳಗಿನ ನಳದವರು ಈಗಾಗಲೇ ಹೆದರಿ ಕೂತಿದ್ದರು. ಕೊಟ್ಟರೆ ನಾಳೆ ನಮಗೂ ಇದೇ ಕಾಗದ ಎಂದು ಅವರು ಬಾಯಿಬಿಟ್ಟೇ ಹೇಳಿದ್ದರು. ಅವರನ್ನು ಬೈಯುವ ಮುಖ ನನಗಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ನೀರಿನ ಕಚೇರಿಯಲ್ಲಿ ಎಲ್ಲರೂ ಸೇರಿದೆವು. ನೀಲವ್ವನನ್ನೂ ಕೂಸನ್ನೂ ಪಕ್ಕದ ಮನೆಯ ಸೊಸೆಯ ಹತ್ತಿರ ಬಿಟ್ಟು ದ್ಯಾಮವ್ವನೂ ಬಂದಿದ್ದಳು. ವಿಚಾರಣೆ ಮಾಡುವವರು ಮುದಕವಿ ಸಾಹೇಬರು. ನಮ್ಮೂರಿನವರೇ, ನಿವೃತ್ತಿಗೆ ಹತ್ತಿರ ಬಂದವರು. ನನ್ನನ್ನು ಬೆಸುಗೆ ಕೊಠಡಿಯ ಪರವಾಗಿ ಕರೆಸಿದ್ದರಿಂದ ಅವರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಎದುರು ಬೆಂಚಿನ ಮೇಲೆ ಅವ್ವ ಕೂತಿದ್ದಳು.

“ಯಂತ್ರ ಒಂದ ಪ್ರಶ್ನೆ ಕೇಳತೈತ್ರಿ,” ಎಂದರು ಮುದಕವಿ, ಕನ್ನಡಕ ಏರಿಸಿಕೊಂಡು. “ಈ ನಳದಿಂದ ಆ ಮನಿಗೋಳಿಗೆ ನೀರ ಹೆಂಗ ಹೋತು? ಮೂರರಾಗ ಒಂದ ಹೇಳಬೇಕು. ಮಾರಾಟ, ಕಳವು, ದಾನ.”

“ದಾನ ಅಂತ ಬರೀರಿ!” ಐದಾರು ಬಾಯಿ ಒಟ್ಟಿಗೆ ಹೇಳಿದವು.

ಅವರು ಒತ್ತಿದರು. ಪರದೆಯಲ್ಲಿ ಇನ್ನೊಂದು ಖಾಲಿ ಜಾಗ ಬಂತು. “ಟ್ರಸ್ಟಿನ ನೋಂದಣಿ ನಂಬರ್ ಕೇಳತೈತಿ.”

“ಯಾವ ಟ್ರಸ್ಟ?” ಎಂದಳು ಖೈರೂಬಿ.

“ಧರ್ಮದ ನೀರು ಕೊಡೋರು ಮಠ, ದರ್ಗಾ, ಸಂಘ ಇರತಾವಲ್ರಿ. ಅವರ ತಖ್ತೆಯಿಂದ ಈ ಕಾಲಂ ಬಂದದ. ನಂಬರ್ ಇಲ್ಲಂದ್ರ ಮುಂದ ಹೋಗಂಗಿಲ್ಲ.”

“ಕೊಡಾಕ ನಂಬರ್ ಬೇಕೇನ?” ಖೈರೂಬಿ ಮೇಜಿನ ಮೇಲೆ ಕೈ ಬಡಿದಳು. “ನಿಮ್ಮವ್ವ ನಿಮಗ ಹಾಲ ಕುಡಿಸುವಾಗ ನಂಬರ್ ತಗೊಂಡಿದ್ದಳೇನ?”

ಮುದಕವಿ ತಲೆ ತಗ್ಗಿಸಿದರು. “ನನಗ ತಿಳೀತದ ಅಕ್ಕಾರ. ಅದಕ್ಕ ತಿಳಿಯಂಗಿಲ್ಲ. ಎರಡ ಉಳದಾವು. ಮಾರಾಟ ಅಂದ್ರ ಇವತ್ತ ನಳ ಹೋಗತದ. ಕಳವು ಅಂದ್ರ ನಳ ಉಳೀತದ, ಆದ್ರ ಕದ್ದವರ ಹೆಸರ ಪಟ್ಟಿಗೆ ಹೋಗತಾವು. ಮೊದಲನೇ ಸಲಕ್ಕ ಎಚ್ಚರಿಕೆ, ಎರಡನೇ ಸಲಕ್ಕ ಕೇಸು.”

ಅವ್ವ ಎದ್ದಳು. ಜೀವಮಾನದಲ್ಲಿ ಇನ್ನೊಬ್ಬರ ಹಿತ್ತಲಿನ ಕರಿಬೇವಿನ ಎಲೆ ಕೇಳದೆ ಕಿತ್ತವಳಲ್ಲ ನನ್ನವ್ವ.

“ಬರೀರಿ. ಫಕೀರವ್ವ ಹೂಗಾರ. ಕದ್ದೀನಿ.”

“ದ್ಯಾಮವ್ವ,” ಎಂದಳು ತುದಿಯ ಮನೆಯವಳು. “ಕದ್ದೀನಿ.” ಒಬ್ಬೊಬ್ಬರಾಗಿ ಏಳೂ ಜನ ಎದ್ದು ಹೇಳಿದರು. ಮುದಕವಿ ಒಂದೊಂದೇ ಹೆಸರನ್ನು ಪಟ್ಟಿಗೆ ಸೇರಿಸಿದರು. ನನಗೆ ಆ ಪರದೆಯನ್ನು ಎತ್ತಿ ಗೋಡೆಗೆ ಒಗೆಯಬೇಕು ಅನ್ನಿಸಿತು. ಎತ್ತಿ ಒಗೆದರೂ ಅದರಾಚೆ ಏನೂ ಅಲುಗುವುದಿಲ್ಲ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

“ಈಗ ಮಾಲಕರ ಸಹಿ,” ಎಂದರು ಮುದಕವಿ. “ನನ್ನ ನೀರು ಕಳುವಾಗೇದ ಅಂತ.”

“ಮಾಡಂಗಿಲ್ಲ,” ಎಂದಳು ಖೈರೂಬಿ. “ನನ್ನ ಮನ್ಯಾಗ ಕಳ್ಳರು ಬಂದಿಲ್ಲ. ಇವರು ಸುಳ್ಳ ಹೇಳಾಕತ್ತಾರ.”

“ಖೈರೂ, ಸಹಿ ಮಾಡ,” ಎಂದಳು ಅವ್ವ.

“ನಿನ್ನ ಕಳ್ಳಿ ಅಂತ ನಾ ಬರಕೊಡಬೇಕಾ? ನಾನು? ಮೂವತ್ತ ವರ್ಷ ಹೋಳಿಗಿ ತಿಂದ ಬಾಯಿಲೇ?”

“ಕೂಸಿಗಾಗಿ ಮಾಡ,” ಎಂದಳು ದ್ಯಾಮವ್ವ. ಅವಳು ಅಳುತ್ತಿದ್ದಳು.

ಖೈರೂಬಿ ಪರದೆಯ ಕಡೆ ಕೈ ಮಾಡಿ ಅಂದಳು, “ಮಾಡತೀನಿ. ಮೊದಲ ನನ್ನ ಹೆಸರ ಹಾಕ್ರಿ ಆ ಪಟ್ಟಿಗೆ. ಖೈರುನ್ನಿಸಾ. ನಾನೂ ಕದ್ದೀನಿ.”

“ಹೆಂಗ ಆಗತದ್ರೀ? ನಿಮ್ಮ ನಳ ಅದು.”

“ಅದನ್ನ ಕೇಳ್ರಿ. ಬ್ಯಾಡ ಅಂತೈತೇನು?”

ಮುದಕವಿ ಹೆಸರು ಹಾಕಿದರು. ಯಂತ್ರ ಬೇಡ ಅನ್ನಲಿಲ್ಲ. ಯಜಮಾನಿ ತನ್ನ ನೀರನ್ನು ತಾನೇ ಕದ್ದಳು ಎಂದರೆ ಅದು ಒಪ್ಪಿತು. ನೆರೆಯವರಿಗೆ ಕೊಟ್ಟಳು ಎನ್ನುವುದನ್ನು ಮಾತ್ರ ಒಪ್ಪಲಿಲ್ಲ.

ನಾನು ಕುರ್ಚಿ ಬಿಟ್ಟು ಎದ್ದು ಬೆಂಚಿನ ಕಡೆ ಹೋದೆ. “ಸುಮಂಗಲಾ ಹೂಗಾರ ಅಂತ ಬರೀರಿ ಸರ್.”

“ಮೇಡಂ, ನೀವು ಜಾಲದ ಕೆಲಸದಾಗ ಇರೋರು. ಕಳವಿನ ಪಟ್ಟಿಗೆ ಹೆಸರ ಬಂತಂದ್ರ…”

“ಗೊತ್ತು. ಹುಟ್ಟಿದಾಗಿನಿಂದ ಅದೇ ನೀರು ಕುಡಿದೀನಿ. ಬರೀರಿ.”

ಬರೆದರು. ಖೈರೂಬಿ ಸಹಿ ಮಾಡಿದಳು. ನಳ ಉಳಿಯಿತು. ನಾವು ಕಚೇರಿಯ ಮೆಟ್ಟಿಲು ಇಳಿಯುವ ಮೊದಲೇ ನನ್ನ ಫೋನು ಗುಂಯ್ ಅಂದಿತು: ಬೆಸುಗೆ ಕೊಠಡಿಗೆ ನಿಮ್ಮ ಪ್ರವೇಶ ರದ್ದಾಗಿದೆ. ಕಾರಣ ಕೇಳಲು ಒಂದು ನಮೂನೆಯನ್ನೂ ಕಳಿಸಿದ್ದರು. ಅಳಿಸಿಹಾಕಿದೆ.

ಬಸ್ ನಿಲ್ದಾಣದ ಹತ್ತಿರ ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ನಮ್ಮ ಸಲುವಾಗಿ ನೌಕರಿ ಕಳಕೊಂಡಳು ಎಂದು ದ್ಯಾಮವ್ವ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಅದನ್ನು ಸಹಿಸಲಾಗದೆ ನಿಂತುಬಿಟ್ಟೆ.

“ಚಾಚಿ, ಆ ಎರಡೂ ತಖ್ತೆ ಕೂಡಿಸಿದ್ದು ನಾನು. ಅವ್ವನ ತಖ್ತೆ ಅಂತ ಗುರುತ ಹಿಡೀಲಿಲ್ಲ. ಒಂದ ಗುಂಡಿ ಒತ್ತಿದ್ರ ಅವ್ವ ಬರದಿದ್ದು ಕಾಣಸ್ತಿತ್ತು. ಒತ್ತಲಿಲ್ಲ. ಹೊತ್ತ ಹೋಗತದಂತ ಒತ್ತಲಿಲ್ಲ.”

ಅವ್ವ ಬಾಯಿಗೆ ಸೆರಗು ಹಿಡಿದಳು. ಖೈರೂಬಿ ನನ್ನ ಹತ್ತಿರ ಬಂದಳು, ಮುಖವನ್ನು ನೋಡಿದಳು, ಕಪಾಳಕ್ಕೆ ಒಂದು ಬಾರಿಸಿದಳು. ಸೂಜಿ ಹಿಡಿದು ಗಟ್ಟಿಯಾದ ಕೈ ಅದು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಿವಿ ಗುಂಯ್ ಎನ್ನುತ್ತಿತ್ತು, ನಾನು ತಲೆ ಎತ್ತಲಿಲ್ಲ.

“ಇದು ಹೊತ್ತ ಉಳಿಸಿದ್ದಕ್ಕ,” ಎಂದಳು. ಆಮೇಲೆ ನನ್ನ ರಟ್ಟೆ ಹಿಡಿದು ಬಸ್ಸಿನ ಕಡೆ ಎಳೆದಳು. “ನಡಿ. ಎರಡಕ್ಕ ನೀರ ಬಿಡ್ತಾರ. ನಿಮ್ಮ ಮನೀ ಕೊಡಾ ಎಲ್ಲಾ ತಗೊಂಡ ಬಾ, ಕದಿಯಾಕ.”